ಗ್ಯಾರೇಜ್ ಮಾತು: ಅಪ್ಪನ ಬೆಂಜ್ ಕಿಲೋ ಲೆಕ್ಕದಲ್ಲಿ ಹೋಗಬೇಕಾ?

ಪ್ರಶ್ನೆ: ನಮ್ಮದು ಗದಗ-ಬೆಟಗೇರಿ. ಅಪ್ಪ ಹತ್ತಿ ವ್ಯಾಪಾರ ಮಾಡುತ್ತಿದ್ದರು. 2003ರಲ್ಲಿ ಮುಂಬಯಿಯಿಂದ 1996ರ ಬೆಂಜ್ ಇ220 ಪೆಟ್ರೋಲ್ ಗಾಡಿ ತಂದಿದ್ದರು. 2014ರಿಂದ ಅದು ಗೋದಾಮಿನಲ್ಲಿ ನಿಂತೇ ಇದೆ, ಪಕ್ಕದಲ್ಲಿ ಜೋಳದ ಚೀಲ. ಆರ್‌ಸಿ ಅವಧಿ 2016ರಲ್ಲೇ ಮುಗಿದಿದೆ. ಅಪ್ಪ ತೀರಿಕೊಂಡು ಎರಡು ವರ್ಷ ಆಯಿತು. ಗುಜರಿಯವರು 40,000 ರೂಪಾಯಿಗೆ ಕೇಳುತ್ತಿದ್ದಾರೆ. ಬಿಡಿಭಾಗ ಬಿಚ್ಚಿ ಮಾರಿದರೆ ಜಾಸ್ತಿ ಸಿಗುತ್ತದೆ ಅಂತ ಗೆಳೆಯ ಹೇಳುತ್ತಾನೆ. ಏನು ಬಿಚ್ಚಬೇಕು, ಎಲ್ಲಿಂದ ಶುರು ಮಾಡಬೇಕು? ಅಮ್ಮ ಮಾತ್ರ ಬಾನೆಟ್ ಮೇಲಿನ ಬೆಂಜ್ ಸ್ಟಾರ್ ಯಾರಿಗೂ ಕೊಡಬೇಡ ಅಂದಿದ್ದಾರೆ. (ಗದಗದ ಓದುಗರು)

ಉತ್ತರ: ಮೊದಲು ಲೆಕ್ಕ ಮಾಡೋಣ. ಈ ಗಾಡಿಯ ತೂಕ ಸುಮಾರು 1,400 ಕಿಲೋ. 40,000 ಅಂದರೆ ಕಿಲೋಗೆ ಇಪ್ಪತ್ತೆಂಟು ರೂಪಾಯಿ ಚಿಲ್ಲರೆ. ಅವರು ನಿಮಗೆ ಕಾರಿನ ರೇಟು ಹೇಳಿಲ್ಲ, ತಗಡಿನ ರೇಟು ಹೇಳಿದ್ದಾರೆ. "ಇದರಾಗ ಏನೈತ್ರಿ ಸರ, ಬರೇ ತಗಡು" ಅಂತ ಬಾನೆಟ್ ಮೇಲೆ ಒಂದು ಏಟು ತಟ್ಟಿಯೂ ಇರಬೇಕು, ಅಲ್ವಾ? ಗಾಡಿ ಅವರ ಅಂಗಳಕ್ಕೆ ಹೋದ ಮೇಲೆ ಅದೇ ಕೈ ಮೊದಲು ಬಿಚ್ಚೋದು ಹೆಡ್‌ಲೈಟ್.

ನಿಮ್ಮದು ಡಬ್ಲ್ಯೂ124 ಅನ್ನೋ ಮಾಡೆಲ್. ಮರ್ಸಿಡಿಸ್-ಬೆಂಜ್‌ನವರು 1994ರಲ್ಲಿ ಭಾರತಕ್ಕೆ ಬಂದು, ಮರುವರ್ಷ ಪುಣೆಯಲ್ಲಿ ಜೋಡಿಸಿ ಮಾರಲು ಶುರು ಮಾಡಿದ ಮೊದಲ ಕಾರು ಇದೇ. ನಮ್ಮಲ್ಲಿ ಮಾರಾಟವಾಗಿದ್ದು ಕಡಿಮೆ, ಆದರೆ ಜಗತ್ತಿನಾದ್ಯಂತ 25 ಲಕ್ಷಕ್ಕೂ ಜಾಸ್ತಿ ತಯಾರಾಗಿವೆ. ಇವತ್ತಿಗೂ ಇದನ್ನು ಮಗುವಿನ ಹಾಗೆ ಸಾಕುವವರಿದ್ದಾರೆ. ನಿಮ್ಮ ಗಿರಾಕಿಗಳು ಅವರೇ, ಗುಜರಿಯವರಲ್ಲ.

ಪಾನಾ ಕೈಗೆ ತಗೊಳ್ಳೋ ಮುಂಚೆ ಕಾಗದದ ಕೆಲಸ ಮುಗಿಸಿ. ಗಾಡಿ ಇನ್ನೂ ಅಪ್ಪನ ಹೆಸರಲ್ಲಿದ್ದರೆ ಮೊದಲು ಗದಗ ಆರ್‌ಟಿಓ ಕಚೇರಿಗೆ ಹೋಗಿ. ಮಾಲೀಕರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ಮಾಡಿಸಲು ಫಾರಂ 31 ಇದೆ, ಅದನ್ನು ಮೂರು ತಿಂಗಳೊಳಗೆ ಕೊಡಬೇಕಿತ್ತು. ತಡವಾಗಿದೆ, ಪರವಾಗಿಲ್ಲ, ಹೋಗಿ ಮಾತಾಡಿ. ಇನ್ನೊಂದು ಮಾತು. ಗಾಡಿ ಇನ್ನು ಮೇಲೆ ಓಡೋದಿಲ್ಲ ಅಂತಾದರೆ 14 ದಿನದಲ್ಲಿ ತಿಳಿಸಿ ಆರ್‌ಸಿ ಒಪ್ಪಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಹೇಳುತ್ತದೆ. ಇದನ್ನು ಯಾರೂ ಮಾಡೋದಿಲ್ಲ. ಆಮೇಲೆ ಯಾರೋ ಆ ಚಾಸಿ ನಂಬರನ್ನು ಇನ್ನೊಂದು ಗಾಡಿಗೆ ಅಂಟಿಸಿದಾಗ ಪೊಲೀಸರು ಹುಡುಕಿಕೊಂಡು ಬರೋದು ನಿಮ್ಮ ಮನೆಗೇ. ಕೊನೆಗೆ ಉಳಿದ ಬಾಡಿಯನ್ನು ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ತಗೊಳ್ಳಿ, 2021ರಲ್ಲಿ ಇದಕ್ಕೇ ನಿಯಮ ಬಂದಿದೆ. ಏನೇನು ಬಿಚ್ಚಿದ ಗಾಡಿಯನ್ನು ಅವರು ತಗೊಳ್ಳುತ್ತಾರೆ ಅಂತ ಬಿಚ್ಚೋ ಮುಂಚೆಯೇ ಫೋನ್ ಮಾಡಿ ಕೇಳಿ.

ಈಗ ಗಾಡಿಗೆ ಬರೋಣ. ಎಲ್ಲರೂ ದುಡ್ಡು ಇರೋದು ಇಂಜಿನ್ನಲ್ಲಿ ಅಂದುಕೊಳ್ಳುತ್ತಾರೆ. ಇಷ್ಟು ವರ್ಷ ನಿಂತ ಇಂಜಿನ್ ಶಬ್ದ ಕೇಳದೆ ಯಾರೂ ರೊಕ್ಕ ಬಿಚ್ಚೋದಿಲ್ಲ ಸ್ವಾಮಿ. ನೋಡಲೇಬೇಕು ಅಂದರೆ ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದು, ಒಂದೊಂದು ತೂತಿಗೆ ಎರಡು ಚಮಚ ಇಂಜಿನ್ ಆಯಿಲ್ ಬಿಟ್ಟು, ಎರಡು ದಿನ ಬಿಟ್ಟು ಮುಂದಿನ ಪುಲ್ಲಿ ಬೋಲ್ಟಿಗೆ ಪಾನಾ ಹಾಕಿ ಕೈಯಲ್ಲೇ ತಿರುಗಿಸಿ. ತಿರುಗಿದರೆ "ಜಾಮ್ ಆಗಿಲ್ಲ" ಅಂತ ಧೈರ್ಯವಾಗಿ ಹೇಳಬಹುದು, ಅಷ್ಟೇ. ಸ್ಟಾರ್ಟರ್, ಆಲ್ಟರ್ನೇಟರ್, ಪವರ್ ಸ್ಟೀರಿಂಗ್ ಪಂಪ್ ಬೇರೆ ಬೇರೆ ಮಾರಿದರೆ ಇಂಜಿನ್ನಿಗಿಂತ ಬೇಗ ಹೋಗುತ್ತವೆ.

ಜನ ಹುಡುಕೋದು ಸಣ್ಣ ಸಾಮಾನು. ನಡುವಿನ ಕನ್ಸೋಲಿನಲ್ಲಿರೋ ಕಿಟಕಿ ಸ್ವಿಚ್ಚುಗಳು, ಬಿರುಕು ಬಿಡದ ಮರದ ಪಟ್ಟಿ, ಮೀಟರ್ ಬೋರ್ಡು, ಹೆಡ್‌ಲೈಟ್, ಹಿಂದಿನ ಲೈಟಿನ ಗ್ಲಾಸು, ಬಾಗಿಲ ಕೆಳಗಿನ ಪ್ಲಾಸ್ಟಿಕ್ ಪಟ್ಟಿ. ಸೆಂಟ್ರಲ್ ಲಾಕ್ ನಡೆಸೋ ಪಂಪನ್ನು ಮರೆಯಬೇಡಿ. ಈ ಗಾಡಿಯಲ್ಲಿ ಬಾಗಿಲ ಲಾಕು ಮೋಟಾರಿನಿಂದ ಅಲ್ಲ, ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತದೆ. ಆ ಪಂಪ್ ಸರಿ ಇದ್ದರೆ ಕೇಳುವವರು ಖಂಡಿತ ಇದ್ದಾರೆ.

ಮತ್ತೆ ವೈಪರ್. ಇದಕ್ಕೆ ಒಂದೇ ವೈಪರ್ ಅನ್ನೋದು ನೋಡಿದ್ದೀರಿ. ಸುಮ್ನೆ ಅರ್ಧಚಂದ್ರದ ಹಾಗೆ ತಿರುಗೋದಿಲ್ಲ ಅದು. ಮೂಲೆ ಹತ್ತಿರ ಬಂದಾಗ ಒಳಗಿನ ಹಲ್ಲಿನ ಚಕ್ರ ಕಡ್ಡಿಯನ್ನು ಮೇಲಕ್ಕೆ ನೂಕುತ್ತದೆ, ನಡುವೆ ಬಂದಾಗ ಒಳಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಒಂದೇ ಕಡ್ಡಿ ಗಾಜಿನ ಶೇ 86ರಷ್ಟು ಭಾಗ ಒರೆಸುತ್ತದೆ. ಚಿಕ್ಕವರಿದ್ದಾಗ ಮಳೆಯಲ್ಲಿ ಕೂತು ಇದನ್ನೇ ನೋಡಿರುತ್ತೀರಿ. ಗ್ರೀಸ್ ಒಣಗಿ ಹೆಚ್ಚಿನ ಗಾಡಿಗಳಲ್ಲಿ ಇದು ಹಿಡಿದುಕೊಂಡಿರುತ್ತದೆ. ಸರಾಗವಾಗಿ ಆಡೋದಿದ್ದರೆ ಮೋಟಾರು ಸಮೇತ ಇಡಿಯಾಗಿ ತೆಗೆಯಿರಿ. ಬಿಡಿಸಿ ನೋಡೋ ಆಸೆ ಬೇಡ.

ಇಂಜಿನ್ ವೈರಿಂಗ್ ಮಾತ್ರ ಯಾರಿಗೂ ಮಾರಬೇಡಿ. ಆ ವರ್ಷಗಳ ಬೆಂಜ್ ಗಾಡಿಗಳಲ್ಲಿ ವೈರಿನ ಮೇಲಿನ ಪದರ ಇಂಜಿನ್ ಬಿಸಿಗೆ ಒಣಗಿ ಉದುರುತ್ತದೆ. ಬಾನೆಟ್ ಎತ್ತಿ ಒಂದು ವೈರನ್ನು ಎರಡು ಬೆರಳಲ್ಲಿ ಮೆಲ್ಲಗೆ ಬಗ್ಗಿಸಿ. ಸುಟ್ಟ ಹಪ್ಪಳದ ಹಾಗೆ ಪುಡಿಯಾಗಿ ಒಳಗಿನ ತಾಮ್ರ ಕಂಡರೆ ಅದು ತಾಮ್ರದ ರೇಟಿಗೇ ಹೋಗಬೇಕು. ಜೋಳದ ಚೀಲ ಪಕ್ಕದಲ್ಲಿದೆ ಅಂದಿರಿ, ಏರ್ ಫಿಲ್ಟರ್ ಡಬ್ಬಿಯನ್ನೂ ತೆಗೆದು ನೋಡಿ. ನಾನು ಹಿಂದೊಮ್ಮೆ ಒಂದು ಗಾಡಿಯ ಡಬ್ಬಿ ತೆಗೆದಾಗ ಒಳಗೆ ಜೋಳದ ಹೊಟ್ಟು, ಸೀಟಿನ ಸ್ಪಂಜು, ಹರಿದ ಕ್ಯಾಲೆಂಡರ್ ಸೇರಿಸಿ ಕಟ್ಟಿದ ಇಲಿ ಸಂಸಾರವೇ ಇತ್ತು.

ಸೈಲೆನ್ಸರ್ ಕಡೆ ಹುಷಾರು. 1995ರ ಏಪ್ರಿಲ್‌ನಿಂದ ಮುಂಬಯಿಯೂ ಸೇರಿ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರಿಗೆ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಕಡಿಮೆ ಮಾಡೋ ಡಬ್ಬಿ) ಕಡ್ಡಾಯವಾಗಿತ್ತು. ನಿಮ್ಮದು ಮುಂಬಯಿ ಗಾಡಿ, ಇರಲೇಬೇಕು. ಅದರ ಒಳಗಿನ ಜೇನುಗೂಡಿನಂಥ ಇಟ್ಟಿಗೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಅನ್ನೋ ದುಬಾರಿ ಲೋಹಗಳ ಲೇಪ ಇರುತ್ತದೆ. ಗುಜರಿಯವರ 40,000ದಲ್ಲಿ ಇದನ್ನು ಲೆಕ್ಕ ಹಿಡಿದಿದ್ದಾರೋ ಇಲ್ಲವೋ ಕೇಳಿ, ಮುಖ ನೋಡಿ. ಕನ್ವರ್ಟರಿನ ಬಾಯಿಗೆ ಟಾರ್ಚ್ ಬಿಟ್ಟು ಒಳಗೆ ಇಣುಕಿ, ಜೇನುಗೂಡು ಕಂಡರೆ ಸರಿ. ಖಾಲಿ ಡಬ್ಬಿ ಕಂಡರೆ ಯಾವುದೋ ಗ್ಯಾರೇಜಿನಲ್ಲಿ ಆಗಲೇ ಕೆಲಸ ಮುಗಿದಿದೆ.

ಬಿಚ್ಚೋ ರೀತಿ. ನನ್ನದೇ ತಪ್ಪು ಹೇಳುತ್ತೇನೆ. ಒಮ್ಮೆ ಅವಸರದಲ್ಲಿ ಒಂದು ಗಾಡಿಯ ಅಷ್ಟೂ ವೈರನ್ನು ಕಟ್ಟರಿನಿಂದ ಬುಡಕ್ಕೇ ಕತ್ತರಿಸಿ ಸಾಮಾನು ಎತ್ತಿದೆ, ಬೋಲ್ಟೆಲ್ಲ ಒಂದೇ ಡಾಲ್ಡಾ ಡಬ್ಬಿಗೆ ಹಾಕಿದೆ. ಬಂದ ಗಿರಾಕಿ ಎಲ್ಲ ತಿರುವಿ ನೋಡಿ, "ಪ್ಲಗ್ ಎಲ್ಲೈತ್ರಿ?" ಅಂದು ಕೈ ಬೀಸಿಕೊಂಡು ಹೋದರು. ಅವತ್ತಿನಿಂದ ಕನೆಕ್ಟರಿನ (ವೈರ್ ಕೂಡಿಸೋ ಪ್ಲಗ್) ಜತೆ ಒಂದು ಗೇಣು ವೈರ್ ಬಿಟ್ಟೇ ಕತ್ತರಿಸುತ್ತೇನೆ. ಬಿಚ್ಚೋ ಮುಂಚೆ ಫೋಟೋ, ಬೋಲ್ಟನ್ನು ಅದೇ ಸಾಮಾನಿಗೆ ಕಟ್ಟಿದ ಸಣ್ಣ ಪಾಕೀಟಿನಲ್ಲಿ. ಪ್ಲಾಸ್ಟಿಕ್ ಭಾಗಗಳನ್ನು ಮಧ್ಯಾಹ್ನ ತೆಗೆಯಿರಿ, ಮೂವತ್ತು ವರ್ಷದ ಕ್ಲಿಪ್ಪು ಮುಂಜಾನೆ ಚಳಿಯಲ್ಲಿ ಟಕ್ಕಂತ ಮುರಿಯುತ್ತದೆ. ಗದಗಿನಲ್ಲಿ ಬಿಸಿಲಿಗೇನು ಬರ. ಪ್ರತಿ ಸಾಮಾನಿನ ಮೇಲೂ ಪಾರ್ಟ್ ನಂಬರ್ ಇರುತ್ತದೆ, ಎ ಅಕ್ಷರದ ಮುಂದೆ 124 ಅಂತ ಶುರುವಾದರೆ ಅದು ಈ ಮಾಡೆಲ್‌ಗೇ ಮಾಡಿದ್ದು. ಜಾಹೀರಾತಿನಲ್ಲಿ ಆ ನಂಬರ್ ಬರೆಯಿರಿ. "ಬೆಂಜ್ ಸ್ವಿಚ್ ಇದೆ" ಅಂತ ಬರೆದರೆ ಟೈಂಪಾಸ್ ಫೋನ್ ಮಾತ್ರ ಬರುತ್ತವೆ.

ಚಕ್ರ, ಸಸ್ಪೆನ್ಷನ್, ಸ್ಟೀರಿಂಗ್ ಮುಟ್ಟಬೇಡಿ. ಕೊನೆಗೆ ಬಾಡಿಯನ್ನು ಲಾರಿಗೆ ನೂಕಬೇಕಲ್ಲ! ರಬ್ಬರ್ ಹೋಸು, ಬೆಲ್ಟು, ಬ್ರೇಕ್ ಪ್ಯಾಡು, ಟೈರು ಇವೆಲ್ಲ ಕಸ, ನೋಡಲು ಎಷ್ಟೇ ಚೆನ್ನಾಗಿರಲಿ. ಎಸಿ ಪೈಪನ್ನು ನೀವೇ ಸಡಿಲಿಸಬೇಡಿ. ಎಸಿ ಮೆಕ್ಯಾನಿಕ್ಕನ್ನು ಕರೆಸಿ ಗ್ಯಾಸ್ ಎಳೆಸಿಕೊಳ್ಳಿ. ಒಂದು ಕಿಲೋ ಆರ್134ಎ (ಇದರ ಎಸಿ ಗ್ಯಾಸ್) ಹೊರಗೆ ಬಿಟ್ಟರೆ ಸಾವಿರ ಕಿಲೋ ಮೀರಿದ ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟು ಭೂಮಿಗೆ ಬಿಸಿ.

ಮಾರೋದು ಎಲ್ಲಿ? ಹುಬ್ಬಳ್ಳಿ ಗೋಕುಲ ರಸ್ತೆಯ ಗ್ಯಾರೇಜುಗಳಲ್ಲಿ ವಿಚಾರಿಸಿ, ಆದರೆ ಇಷ್ಟು ಹಳೆ ಬೆಂಜಿಗೆ ಇಲ್ಲಿ ಗಿರಾಕಿ ಕಡಿಮೆ. ಬೆಂಗಳೂರಿನ ಶಿವಾಜಿನಗರ, ಮುಂಬಯಿಯ ಕುರ್ಲಾ, ಚೆನ್ನೈನ ಪುದುಪೇಟೆಯ ಹಳೆ ಬಿಡಿಭಾಗದ ಅಂಗಡಿಯವರು ರೇಟು ಗೊತ್ತಿರುವವರು, ಅದಕ್ಕೇ ಚೌಕಾಸಿಯೂ ಜಾಸ್ತಿ. ಗಾಡಿ ಇಟ್ಟುಕೊಂಡವರಿಗೆ ನೇರವಾಗಿ ಮಾರೋದೇ ಲಾಭ. ಮೂರು ತಿಂಗಳು ಗಡುವು ಹಾಕಿಕೊಳ್ಳಿ, ಅಷ್ಟರಲ್ಲಿ ಹೋಗದ್ದನ್ನು ಬಾಡಿ ಜತೆ ಕಳಿಸಿ. ಇಲ್ಲದಿದ್ದರೆ ಒಂದು ಗಾಡಿ ಇದ್ದ ಗೋದಾಮಿನಲ್ಲಿ ನಲವತ್ತು ಡಬ್ಬಿ ಕೂತಿರುತ್ತವೆ.

ಅಮ್ಮನ ಸ್ಟಾರ್ ಸುಲಭ. ಬಾನೆಟ್ ಎತ್ತಿ ಕೆಳಗಿನಿಂದ ಸ್ಪ್ರಿಂಗಿನ ಹಿಡಿಯನ್ನು ಎಳೆದು ಕಾಲು ಸುತ್ತು ತಿರುಗಿಸಿದರೆ ಕೈಗೆ ಬರುತ್ತದೆ. ಮೇಲಿನಿಂದ ಹಿಡಿದು ಜಗ್ಗಬೇಡಿ.

ಪ್ರಶ್ನೆ: ನನ್ನ 2001ರ ಬೆಂಜ್ ಇ ಕ್ಲಾಸ್ ಗಾಡಿಯ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಸುಟ್ಟುಹೋಯಿತು. ಅದೇ ನಂಬರಿನ ಇನ್ನೊಂದನ್ನು ಹಳೆ ಗಾಡಿಯಿಂದ ತೆಗೆದುಕೊಂಡು ಬಂದು ಹಾಕಿದೆ. ಸ್ಟಾರ್ಟೇ ಆಗುತ್ತಿಲ್ಲ. ಮೋಸ ಹೋದೆನಾ? (ಹುಬ್ಬಳ್ಳಿಯ ಓದುಗರು)

ಉತ್ತರ: ಮೋಸ ಅಂತ ಹೇಳಲಾಗದು. ಆ ಹೊತ್ತಿಗೆ ಬೆಂಜಿನಲ್ಲಿ ಕೀಲಿ, ಇಗ್ನಿಷನ್ ಸ್ವಿಚ್, ಇಸಿಯು ಮೂರೂ ಒಂದಕ್ಕೊಂದು ಗುರುತು ಹಿಡಿಯೋ ಕಳ್ಳತನ ತಡೆ ವ್ಯವಸ್ಥೆ ಬಂದಿತ್ತು. ನೀವು ತಂದಿದ್ದು ತನ್ನ ಹಳೆ ಮನೆಯ ಕೀಲಿಯನ್ನೇ ಕೇಳುತ್ತಿದೆ. ಕೊಟ್ಟವರ ಹತ್ತಿರ ಆ ಗಾಡಿಯದ್ದೇ ಕೀಲಿ ಮತ್ತು ಇಗ್ನಿಷನ್ ಸ್ವಿಚ್ ಇದೆಯಾ ಕೇಳಿ, ಸೆಟ್ಟಾಗಿ ತಗೊಳ್ಳಿ. ಇಲ್ಲದಿದ್ದರೆ ಸುಟ್ಟದ್ದನ್ನು ಬಿಸಾಡಬೇಡಿ. ಅದರಲ್ಲಿರೋ ಮಾಹಿತಿಯನ್ನು ಹೊಸದಕ್ಕೆ ವರ್ಗಾಯಿಸೋ ಕೆಲಸ ಮಾಡುವವರಿದ್ದಾರೆ.

ಪ್ರಶ್ನೆ: ಗುಜರಿಯಲ್ಲಿ ಡಬ್ಲ್ಯೂ124 ಬೆಂಜಿನ ಅಲಾಯ್ ಚಕ್ರ ಸಿಕ್ಕಿವೆ. ನನ್ನ ಸ್ಕೋಡಾ ಲಾರಾಗೆ ತೂತೆಲ್ಲ ಸರಿಹೊಂದುತ್ತವೆ. ಹಾಕಬಹುದಾ? (ಹಾವೇರಿಯ ಓದುಗರು)

ಉತ್ತರ: ಐದು ತೂತು, 112 ಮಿಲಿಮೀಟರ್ ಸುತ್ತು, ಎರಡಕ್ಕೂ ಒಂದೇ, ಅದಕ್ಕೇ ಆಸೆ ಹುಟ್ಟಿದೆ. ಆದರೆ ನಡುವಿನ ದೊಡ್ಡ ತೂತು ಬೆಂಜಿಗೆ 66.6 ಮಿಮೀ, ಲಾರಾಗೆ 57.1. ನಡುವೆ ಬಳೆ ಹಾಕದಿದ್ದರೆ ಗಾಡಿ ನಡುಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬೋಲ್ಟಿನದು. ಈ ಚಕ್ರ 12 ಮಿಮೀ ಬೋಲ್ಟಿಗೆ ಮಾಡಿದ್ದು, ಲಾರಾದ್ದು 14. ಬೋಲ್ಟಿನ ತಲೆ ಕೂರೋ ಗುಂಡಿಯ ದುಂಡೂ ಬೇರೆ. "ಡ್ರಿಲ್ ಹೊಡ್ದು ಕೂಡಸ್ತೀನ್ರಿ" ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಬೆಂಜ್ ಇಟ್ಟವರಿಗೇ ಚಕ್ರ ಮಾರಿ ಲಾರಾಗೆ ಅದರದ್ದೇ ತಗೊಳ್ಳಿ.

ಪ್ರಶ್ನೆ: ಅಪಘಾತದ ಗಾಡಿಯಿಂದ ತೆಗೆದ ಏರ್‌ಬ್ಯಾಗ್ ಅರ್ಧ ರೇಟಿಗೆ ಸಿಗುತ್ತಿದೆ. (ಧಾರವಾಡದ ಓದುಗರು)

ಉತ್ತರ: ಬೇಡ. ಒಳಗಿರೋದು ಸಿಡಿಮದ್ದು. ಎಲ್ಲಿ ನೆನೆದಿತ್ತೋ, ಯಾರು ಬೀಳಿಸಿದ್ದರೋ, ಹೊರಗಿನಿಂದ ಗೊತ್ತಾಗೋದಿಲ್ಲ. ಸ್ವಂತ ಗಾಡಿಯದ್ದನ್ನು ತೆಗೆಯೋದಿದ್ದರೂ ಬ್ಯಾಟರಿ ಕಳಚಿ ಕಾದು, ಆಮೇಲೂ ತಿಳಿದವರ ಕೈಯಲ್ಲೇ ತೆಗೆಸಿ.

ಪ್ರಶ್ನೆ: ಹಳೆ ಕಾರಿನ ರೇಡಿಯೇಟರ್ ತೆಗೆಯಬೇಕು. ಹಸಿರು ನೀರನ್ನು ಹಿತ್ತಲಲ್ಲಿ ಬಿಟ್ಟರೆ ನಡೆಯುತ್ತದಾ? (ರಾಣೆಬೆನ್ನೂರಿನ ಓದುಗರು)

ಉತ್ತರ: ಅದು ನೀರಲ್ಲ, ಕೂಲಂಟ್. ಅದರಲ್ಲಿರೋ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಆದರೆ ವಿಷ. ನಾಯಿ, ಕರು ರುಚಿಗೆ ನೆಕ್ಕುತ್ತವೆ, ಮೂತ್ರಪಿಂಡ ಹೋಗುತ್ತದೆ. ಕೆಳಗೆ ಬುಟ್ಟಿ ಅಲ್ಲ, ತೂತಿಲ್ಲದ ಬೋಗುಣಿ ಇಟ್ಟು ಕ್ಯಾನಿಗೆ ತುಂಬಿ, ಮುಚ್ಚಳ ಬಿಗಿದು, ಸರ್ವಿಸ್ ಸೆಂಟರಿನವರಿಗೆ ಕೊಡಿ. ಚೆಲ್ಲಿದ ಜಾಗಕ್ಕೆ ಮರಳು ಹಾಕಿ ಬಳಿದು ತೆಗೆಯಿರಿ, ಅಲ್ಲಿವರೆಗೆ ಕರುವನ್ನು ಆ ಕಡೆ ಕಟ್ಟಬೇಡಿ.