ನೆಗಡಿ ಹೋದ ಮೇಲೂ ಒಂದು ಕಿವಿ ಕಟ್ಟಿಕೊಂಡಿದೆ: ಆವಿ ತೆಗೆದುಕೊಳ್ಳಲೇ, ಮೂಗಿಗೆ ಹನಿ ಹಾಕಿಕೊಳ್ಳಲೇ?

ಎರಡೂ ಬೇಡ. ನೆಗಡಿ ಇಳಿದು ಹತ್ತು ದಿನವಾದರೂ ಎಡಗಿವಿ ಮಾತ್ರ ಬಿಟ್ಟಿಲ್ಲ ಎಂಬ ನಿಮ್ಮ ಸಾಲನ್ನು ಓದುತ್ತಿದ್ದಂತೆ ನನ್ನ ಕೈ ತಾನಾಗಿ ಬಲಗಿವಿಯತ್ತ ಹೋಯಿತು.

ನನಗೂ ಎರಡು ದಿನ ಗಂಟಲು ಕೆರೆದು, ಆಮೇಲೆ ಮೂಗು ಸೋರಿ, ಕೆಮ್ಮು ಬಂದು, ಜ್ವರ ಇಳಿದಿತ್ತು. ಆರನೆಯ ಬೆಳಗ್ಗೆ ಎದ್ದಾಗ ಬಲಗಿವಿಗೆ ಹತ್ತಿ ತುರುಕಿದಂತಿತ್ತು. ಮೂಗು ಕಟ್ಟಿದೆ, ಅದರ ಜೊತೆಗೆ ಕಿವಿಯೂ ಕಟ್ಟಿದೆ ಎಂದುಕೊಂಡೆ. ಈ ತರ್ಕ ಪೂರ್ತಿ ತಪ್ಪಲ್ಲ, ನನ್ನನ್ನು ಕೆಡಿಸಿದ್ದೂ ಅದೇ. ಮಧ್ಯಕಿವಿಯಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ನಾಳವಿದೆ. ಸೋಂಕಿನಿಂದ ಅದು ಬಾತುಕೊಂಡರೆ ಒಳಗೆ ಗಾಳಿ ಬಾರದೆ ಒತ್ತಡ ಕುಸಿಯುತ್ತದೆ, ಕಿವಿತಮಟೆ ಒಳಕ್ಕೆ ಎಳೆದುಕೊಳ್ಳುತ್ತದೆ, ಕೆಲವೊಮ್ಮೆ ನೀರೂ ತುಂಬುತ್ತದೆ. ಬಹುಪಾಲು ಜನರಿಗೆ ಇದು ಕೆಲವು ದಿನ ಅಥವಾ ವಾರಗಳಲ್ಲಿ ತಾನಾಗಿ ಬಿಡುತ್ತದೆ. ಹಿಂದಿನ ಎಷ್ಟೋ ನೆಗಡಿಗಳಲ್ಲಿ ನನಗೂ ಬಿಟ್ಟಿತ್ತು.

ಆದ್ದರಿಂದ ಕಾದೆ. ತಪ್ಪು ಎಲ್ಲಿ ಆಯಿತೆಂಬುದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ. ಕಾರಣ ನನಗೆ ಮೊದಲೇ ಗೊತ್ತು ಎಂದು ತೀರ್ಮಾನಿಸಿದ್ದರಿಂದ, ಬಂದ ಪ್ರತಿಯೊಂದು ಸುಳಿವಿಗೂ ಅದೇ ಕಾರಣವನ್ನು ಅಂಟಿಸುತ್ತ ಹೋದೆ. ನುಂಗಿದರೂ ಆಕಳಿಸಿದರೂ ಕಿವಿಯಲ್ಲಿ ಟಪ್ಪೆನ್ನುವ ಸದ್ದು ಬರುತ್ತಿರಲಿಲ್ಲ. ನಾಳ ತುಂಬಾ ಬಿಗಿದಿದೆ ಎಂದುಕೊಂಡೆ. ಫೋನನ್ನು ಬಲಗಿವಿಗೆ ಹಿಡಿದರೆ ದನಿ ತಗ್ಗಿ ಕೇಳುವುದಷ್ಟೇ ಅಲ್ಲ, ತಗಡಿನ ಮೇಲೆ ಉಜ್ಜಿದಂತೆ ಒಡೆದು ಮಾತೇ ತಿಳಿಯುತ್ತಿರಲಿಲ್ಲ, ಸಂಪರ್ಕವನ್ನು ದೂರಿದೆ. ರಾತ್ರಿ ಗುಂಯ್ ಎನ್ನುವ ಸದ್ದು ನಿಲ್ಲುತ್ತಿರಲಿಲ್ಲ, ನಿಶ್ಶಕ್ತಿ ಎಂದೆ. ಎಡಮಗ್ಗುಲಾಗಿ ಮಲಗಿದ ದಿನ ಅಲಾರಂ ಕೇಳಿಸಲೇ ಇಲ್ಲ. ಗಾಢ ನಿದ್ರೆ ಎಂದು ಸಂತೋಷಪಟ್ಟೆ! ಈ ನಡುವೆ ದಿನಕ್ಕೆ ಮೂರು ಬಾರಿ ಆವಿ, ಜೊತೆಗೆ ಮೂಗು ಬಿಡಿಸುವ ಹನಿಗಳು. ಆ ಹನಿಗಳನ್ನು ಒಂದು ವಾರ ಮೀರಿ ಹಾಕಿದರೆ ಅವುಗಳಿಂದಲೇ ಮೂಗು ಕಟ್ಟತೊಡಗುತ್ತದೆ ಎಂಬುದನ್ನೂ ಹಾಗೆಯೇ ಕಲಿತೆ.

ವೈದ್ಯರ ಬಳಿ ಹೋಗಿದ್ದು 34ನೆಯ ದಿನ. ಅವರು ಶ್ರುತಿಕವೆಯನ್ನು, ಅಂದರೆ ತಟ್ಟಿದರೆ ಮೊಳಗುವ ಎರಡು ಕವಲಿನ ಲೋಹದ ಕಡ್ಡಿಯನ್ನು, ತಟ್ಟಿ ಹಣೆಯ ನಡುವೆ ಊರಿ, ಸದ್ದು ಯಾವ ಕಡೆಗೆ ಕೇಳುತ್ತಿದೆ ಎಂದರು. ಎಡಕ್ಕೆ, ಚೆನ್ನಾಗಿರುವ ಕಿವಿಗೆ ಎಂದೆ. ಬರೆಯುತ್ತಿದ್ದ ಪೆನ್ನನ್ನು ಅವರು ಕೆಳಗಿಟ್ಟರು. ಮಧ್ಯಕಿವಿ ಕಟ್ಟಿದ್ದರೆ ಸದ್ದು ಕಟ್ಟಿದ ಕಿವಿಗೇ ಜೋರಾಗಿ ಕೇಳಬೇಕು. ಒಳಕಿವಿ ಅಥವಾ ಶ್ರವಣ ನರ ಸೋತಿದ್ದರೆ ಅದು ಆರೋಗ್ಯವಾದ ಕಿವಿಗೆ ಹೊರಳುತ್ತದೆ. ನನ್ನದು ಎರಡನೆಯದು, ಹಠಾತ್ ಬಂದ ನರಸಂಬಂಧಿ ಕಿವುಡು. ವೈರಾಣು ಸೋಂಕು ಇದಕ್ಕೆ ಕಾರಣವಿರಬಹುದೆಂಬ ಅನುಮಾನವಿದೆ, ಹೆಚ್ಚಿನವರಲ್ಲಿ ನಿಖರ ಕಾರಣ ಸಿಗುವುದೇ ಇಲ್ಲ. ಇದಕ್ಕೆ ಕೊಡುವ ಸ್ಟೀರಾಯ್ಡನ್ನು ಮೊದಲ ಎರಡು ವಾರಗಳೊಳಗೆ ಆರಂಭಿಸಿದರೆ ಫಲದ ನಿರೀಕ್ಷೆ ಹೆಚ್ಚು. ನಾನು ಆ ಎರಡು ವಾರಗಳನ್ನು ಆವಿಯ ಪಾತ್ರೆಯ ಮುಂದೆ ಕಳೆದಿದ್ದೆ. ಕಿವಿತಮಟೆಯ ಮೂಲಕ ಚುಚ್ಚುಮದ್ದು ಕೊಟ್ಟರು. ಮರಳಿ ಬಂದ ಶ್ರವಣ ಅಲ್ಪ, ಗುಂಯ್ ಸದ್ದು ಉಳಿದೇ ಹೋಯಿತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ: ಕಟ್ಟಿದೆ ಎಂದು ಹೇಳಿದವರು ಯಾರು? ಬಾಯಿ ಮುಚ್ಚಿ 'ಹ್ಮ್' ಎಂದು ದೀರ್ಘವಾಗಿ ಗುನುಗಿ ನೋಡಿ. ಸದ್ದು ಬಲಕ್ಕೆ, ಅಂದರೆ ಸರಿಯಿರುವ ಕಿವಿಗೆ ಹೊರಳಿದರೆ ಇವತ್ತೇ ಹೊರಡಿ. ಎಡಕ್ಕೇ ಕೇಳಿದರೆ ತುಸು ಸಮಾಧಾನ, ಆದರೆ ಗುನುಗುವುದು ಶ್ರವಣ ಪರೀಕ್ಷೆಗೆ ಸಮವಲ್ಲವಾದ್ದರಿಂದ ಆಗಲೂ ಈ ವಾರದೊಳಗೆ ಪರೀಕ್ಷೆ ಮಾಡಿಸಿ. ಆಸ್ಪತ್ರೆಗೆ ಫೋನ್ ಮಾಡುವಾಗ 'ಕಿವಿ ಕಟ್ಟಿದೆ' ಎನ್ನಬೇಡಿ, ಅದಕ್ಕೆ ಮುಂದಿನ ವಾರದ ಸಮಯ ಕೊಡುತ್ತಾರೆ. 'ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸುತ್ತಿಲ್ಲ, ಹತ್ತು ದಿನವಾಯಿತು' ಎಂದೇ ಹೇಳಿ.