ಎರೆ ಮಣ್ಣಿನಲ್ಲಿ ಕಂಪೌಂಡ್ ವಾಲಿದೆ, ಈಗ ಏನು ಮಾಡಲಿ?

ಪ್ರಶ್ನೆ: ನಮ್ಮ ಮನೆ ಸಿಂಧನೂರಿನ ಹತ್ತಿರ, ಭತ್ತದ ಗದ್ದೆಗಳ ಪಕ್ಕದಲ್ಲೇ ಇದೆ. ಪೂರಾ ಎರೆ ಭೂಮಿ. ಹಿತ್ತಲಿಗೆ ಕಟ್ಟಿಸಿದ ಇಟ್ಟಿಗೆ ಕಂಪೌಂಡ್ ಎರಡೇ ಮಳೆಗಾಲಕ್ಕೆ ಬಿರುಕು ಬಿಟ್ಟು ವಾಲಿದೆ. ಆಡು, ಹಂದಿ ನುಗ್ಗಿ ಕಾಯಿಪಲ್ಲೆ ಗಿಡ ಹಾಳು ಮಾಡುತ್ತವೆ. ಮತ್ತೆ ಗೋಡೆ ಕಟ್ಟಿಸೋಣವೋ, ಬೇಲಿ ಹಾಕಿಸೋಣವೋ? ಹಿತ್ತಲು 40 ಅಡಿ ಉದ್ದ, 30 ಅಡಿ ಅಗಲ ಇದೆ.

ಉತ್ತರ: ಮೊದಲು ಆ ಗೋಡೆಯ ಹತ್ತಿರ ಮಕ್ಕಳನ್ನು ಬಿಡಬೇಡಿ. ಮುಂದಿನ ಮಳೆ ಬರುವ ಮುಂಚೆಯೇ ಅದನ್ನು ಇಳಿಸಿಬಿಡಿ.

ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಾಯಿ ಬಿಡುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿಗೆ ಒಂದು ಕೋಲು ಇಳಿಸಿ ನೋಡಿ, ಎಷ್ಟು ಆಳ ಹೋಗುತ್ತದೆ ಅಂತ ಗೊತ್ತಾಗುತ್ತದೆ. ಅಂಥ ನೆಲದಲ್ಲಿ ಒಂದೂವರೆ, ಎರಡು ಅಡಿ ಪಾಯ ಸಾಲದು. ಅದರ ಮೇಲೆ ನಿಮ್ಮ ಗೋಡೆಯ ಒಂದು ಬದಿಗೆ ಗದ್ದೆಯ ನೀರು, ಇನ್ನೊಂದು ಬದಿಗೆ ಒಣ ಹಿತ್ತಲು. ಎರಡೂ ಕಡೆ ಮಣ್ಣು ಒಂದೇ ಸಮ ಇರುವುದಿಲ್ಲ, ಗೋಡೆ ವಾಲುತ್ತದೆ.

ಗೋಡೆಯೇ ಬೇಕೆಂದರೆ ಅಂಡರ್ ರೀಮ್ಡ್ ಪೈಲ್ ಹಾಕಿಸಬೇಕು. ಅಂದರೆ ಆಳದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬ. ಅದರ ಮೇಲೆ ಬೀಮ್, ಬೀಮ್ ಕೆಳಗೆ ಮಣ್ಣು ಉಬ್ಬಲು ಸ್ವಲ್ಪ ಸಂದು. ಹಿತ್ತಲಿಗೆ ಇಷ್ಟೊಂದು ಖರ್ಚು ಯಾಕೆ, ಅಲ್ವಾ?

ನನ್ನ ಸಲಹೆ ಕಲ್ಲುಕಂಬ ಮತ್ತು ಚೈನ್ ಲಿಂಕ್ ಜಾಲರಿ. ಬೇಲಿ ಹಗುರ. ನೆಲ ಅಲುಗಿದರೆ ಅದೂ ಸ್ವಲ್ಪ ಅಲುಗುತ್ತದೆ, ಒಡೆಯುವುದಿಲ್ಲ. ವಾಲಿದ ಕಂಬವನ್ನು ಒಂದೇ ದಿನದಲ್ಲಿ ನೆಟ್ಟಗೆ ಮಾಡಬಹುದು. ಗ್ರಾನೈಟ್ ಕಂಬಕ್ಕೆ ತುಕ್ಕೂ ಇಲ್ಲ, ಗೆದ್ದಲೂ ಇಲ್ಲ.

ಮನೆ 30 ಅಡಿಯ ಬದಿಗಿದೆ ಅಂದುಕೊಂಡರೆ, ಆ ಕಡೆ ಬಿಟ್ಟು ಮೂರು ಬದಿಗೆ 110 ಅಡಿ ಆಗುತ್ತದೆ. ಎಂಟು ಅಡಿಗೊಂದರಂತೆ 15 ಕಂಬ ಬೇಕು. ಮೂಲೆಗೆ ಎರಡೆರಡು, ಎರಡು ತುದಿಗೆ ಒಂದೊಂದು ಓರೆಗಂಬ ಸೇರಿಸಿ, ಒಟ್ಟು 21. ಓರೆಗಂಬ ಉಳಿಸಲು ಹೋಗಬೇಡಿ. ತಂತಿ ಎಳೆದು ಬಿಗಿದಾಗ ಪೂರಾ ಭಾರ ಮೂಲೆಗೇ ಬೀಳುತ್ತದೆ. ಗೇಟಿಗೆ ಬೇರೆ ಕಂಬ ಇರಲಿ.

ಏಳು ಅಡಿ ಕಂಬ ತನ್ನಿ. ಮೂರು ಅಡಿ ಗುಂಡಿ ತೋಡಿ, ತಳಕ್ಕೆ ಅರ್ಧ ಅಡಿ ಗರಸು ಹಾಕಿ, ಅದರ ಮೇಲೆ ಕಂಬ ನಿಲ್ಲಿಸಿ. ಸುತ್ತ ತೆಗೆದ ಎರೆ ಮಣ್ಣನ್ನೇ ಮತ್ತೆ ತುಂಬಬೇಡಿ. ಎಲ್ಲರೂ ಮಾಡುವ ತಪ್ಪು ಇದೇ. ಗರಸನ್ನು ಅರ್ಧರ್ಧ ಅಡಿ ಹಾಕಿ, ನೀರು ಚಿಮುಕಿಸಿ, ಗಟ್ಟಿಯಾಗಿ ಕುಟ್ಟಿಸಿ. ಬುಡದಲ್ಲಿ ನೀರು ನಿಲ್ಲದಂತೆ ಮೇಲೆ ಇಳಿಜಾರು ಮಾಡಿ. ಈ ಕೆಲಸಕ್ಕೆ ದೀಪಾವಳಿ ಆಸುಪಾಸು ಒಳ್ಳೆಯ ಹೊತ್ತು. ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ನೆಲ ಕಲ್ಲಿನಂತೆ.

ಜಾಲರಿ ನಾಲ್ಕು ಅಡಿ ಎತ್ತರ ಸಾಕು, ಮೇಲೆ ಒಂದು ಎಳೆ ಮುಳ್ಳುತಂತಿ. ಗೇಜ್ ಸಂಖ್ಯೆ ಕಡಿಮೆ ಆದಷ್ಟೂ ತಂತಿ ದಪ್ಪ, ಅಂಗಡಿಯಲ್ಲಿ ಇದು ನೆನಪಿರಲಿ. ನಿಮಗೆ 10 ಗೇಜ್ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿಯದು ಒಳ್ಳೆಯದು. ಹಂದಿ ಜಾಲರಿಯ ಕೆಳಗೆ ಮೂತಿ ತೂರಿಸಿ ಎತ್ತುತ್ತದೆ. ಅದಕ್ಕೆ ಬುಡದುದ್ದಕ್ಕೂ ಶಹಾಬಾದಿ ಪರಸಿ ಕಲ್ಲನ್ನು ಅಡ್ಡಲಾಗಿ, ಅರ್ಧ ನೆಲದೊಳಗೆ ಇರುವಂತೆ ನಿಲ್ಲಿಸಿ. ಹಂದಿಯ ಕಾಟಕ್ಕೆ ಬೇಸತ್ತು ಬೇಲಿಗೆ ಮನೆಯ ಕರೆಂಟ್ ಮಾತ್ರ ಕೊಡಬೇಡಿ. ಅದು ಅಪರಾಧ, ಮನುಷ್ಯರ ಜೀವವೇ ಹೋಗುತ್ತದೆ.

ಬೇಲಿಯ ಒಳಗೆ ಹಸಿರು ಬೇಕಿದ್ದರೆ ಮಿರುಗದ ಮಳೆಗೆ ಲಕ್ಕಿ ಕಡ್ಡಿ ನೆಡಿ, ನಡುನಡುವೆ ಕವಳಿ. ಲಕ್ಕಿಗೆ ಆಡು ಬಾಯಿ ಹಾಕುವುದು ಕಡಿಮೆ, ಕವಳಿಗೆ ಮುಳ್ಳಿದೆ, ಕಾಯಿ ಉಪ್ಪಿನಕಾಯಿಗೂ ಆಗುತ್ತದೆ. ಮಕ್ಕಳಿರುವ ಮನೆಗೆ ಹಾಲುಗಳ್ಳಿ ಬೇಡ, ಅದರ ಹಾಲು ಕಣ್ಣಿಗೆ ಬಿದ್ದರೆ ತುಂಬಾ ತೊಂದರೆ. ಬಳ್ಳಾರಿ ಜಾಲಿ ಸುಮ್ನೆ ಬರುತ್ತದೆ ಅಂತ ಬೆಳೆಸಬೇಡಿ. ಕಡಿದಷ್ಟೂ ಚಿಗುರುತ್ತದೆ, ಆಡು ಅದರ ಕಾಯಿ ತಿಂದು ಬೀಜವನ್ನು ಊರೆಲ್ಲ ಹರಡುತ್ತದೆ.

ಗುಂಡಿ ತೋಡುವ ಮುಂಚೆ ಪಕ್ಕದ ಗದ್ದೆಯವರನ್ನು ಕರೆದು, ಗಡಿಕಲ್ಲಿನಿಂದ ಗಡಿಕಲ್ಲಿಗೆ ದಾರ ಕಟ್ಟಿ ತೋರಿಸಿ. ಅವರು ಒಪ್ಪಿದ ಮೇಲೆಯೇ ಸುಣ್ಣದ ಗೆರೆ ಹಾಕಿ.