ಜೀಗುಜ್ಜೆ ಬೇರಿನ ತುಂಡು ಚಿಗುರುವ ಮೊದಲೇ ಕೊಳೆಯುತ್ತಿದ್ದರೆ

ನೆಟ್ಟ ಜೀಗುಜ್ಜೆ (ಬ್ರೆಡ್‌ಫ್ರೂಟ್) ಬೇರು ಚಿಗುರದೆ ಕೊಳೆಯಿತು, ಯಾಕೆ ಎಂದು ಫೋಟೋ ಸಮೇತ ಕೇಳಿದ್ದೀರಿ. ನೀರು ಜಾಸ್ತಿಯಾಗಿದೆ, ಬೇರೂ ತೀರಾ ಸಣ್ಣದು. ಮಾರಿಷಸ್‌ನ ಮನೆ ಹಿತ್ತಲಲ್ಲಿ ಪೆನ್ಸಿಲ್ ದಪ್ಪದ ಬೇರನ್ನು ಜಿಗುಟು ಮಣ್ಣಿಗೆ ಹಾಕಿ, ದಿನಾ ಎರಡು ಹೊತ್ತು ನೀರು ಕೊಟ್ಟೆ ಅಂದಿದ್ದೀರಿ. ಕೊಳೆಯದೆ ಇನ್ನೇನಾಗುತ್ತದೆ? ಬೀಜವಿಲ್ಲದ ಜೀಗುಜ್ಜೆಗೆ ಬೇರಿನ ದಾರಿಯೇನೋ ಸರಿ. 1789ರಲ್ಲಿ ಪೆಸಿಫಿಕ್ ಸಾಗರದ ತಾಹಿತಿ ದ್ವೀಪದಿಂದ ಹೊರಟ ಬ್ರಿಟಿಷ್ ಹಡಗು ಬೌಂಟಿ ಕೂಡ ಬೀಜವಲ್ಲ, ಜೀಗುಜ್ಜೆಯ ಸಾವಿರಕ್ಕೂ ಹೆಚ್ಚು ಸಸಿಗಳನ್ನೇ ಹೊತ್ತಿತ್ತು.

ಈ ಸಲ ಹೆಬ್ಬೆರಳು ದಪ್ಪದ ಬೇರು ಹುಡುಕಿ. ಹರಿತವಾದ ಕತ್ತಿಯಿಂದ ಒಂದು ಗೇಣು ಉದ್ದಕ್ಕೆ ಕತ್ತರಿಸಿ, ಸಿಪ್ಪೆ ಜಜ್ಜಬಾರದು. ಬಿಳಿ ಹಾಲು ಒಸರುತ್ತದೆ. ತೊಳೆದು ನೆರಳಲ್ಲಿ ಆರಲು ಬಿಡಿ. ಆಮೇಲೆ ತೊಳೆದ ಮರಳಿನಲ್ಲಿ ಓರೆಯಾಗಿ ಹೂಳಿ. ಮರದ ಕಡೆಗಿದ್ದ ತುದಿಯೇ ಮೇಲೆ ಬರಲಿ, ಅದು ಸ್ವಲ್ಪ ಕಾಣುತ್ತಿರಲಿ. ಜಾಗ ನೆರಳಿರಬೇಕು. ಮರಳು ಹಿಡಿದರೆ ತೇವ ತಾಗಬೇಕು, ಹಿಂಡಿದರೆ ನೀರು ಇಳಿಯಬಾರದು.

ಚಿಗುರಲು ಒಂದು ತಿಂಗಳೂ ಆಗಬಹುದು, ನಾಲ್ಕೂ ಆಗಬಹುದು. ಸುಮ್ನೆ ಅಗೆದು ನೋಡಬೇಡಿ. ನಾನು ಹಾಗೆ ನೋಡಿಯೇ ಮೂರು ತುಂಡು ಕಳೆದುಕೊಂಡಿದ್ದೇನೆ.

ಫೋಟೋದಲ್ಲಿ ಬಿಳಿ ಬೂಷ್ಟು ಇದ್ದ ಹಾಗಿದೆ, ಖಚಿತವಾಗಿ ಹೇಳಲಾರೆ. ಇದ್ದರೆ ಆ ಮಣ್ಣನ್ನು ಮತ್ತೆ ಬಳಸಬೇಡಿ.

ಇದೂ ಆಗಲಿಲ್ಲವಾದರೆ ಬೇರು ಕೀಳುವುದೇ ಬೇಡ. ಮರದ ಬುಡದಿಂದ ಸ್ವಲ್ಪ ದೂರದಲ್ಲಿ ಮಣ್ಣು ಸರಿಸಿ, ಬೇರಿನ ಮೇಲೆ ಕತ್ತಿಯಿಂದ ಸಣ್ಣ ಗಾಯ ಮಾಡಿ. ಅಲ್ಲಿಂದಲೇ ಮರಿಸಸಿ ಏಳುತ್ತದೆ. ಗೇಣುದ್ದ ಬೆಳೆದ ಮೇಲೆ ಬೇರಿನ ಸಮೇತ ಕತ್ತರಿಸಿ ನೆಡಿ.